ಟೈಲರ್‌ಗೆ ಹೆಂಡತಿಯಾದ ಅಮ್ಮ

ಊರವರ ಸಂಸಾರ ರಿಪೇರಿ ಮಾಡುವುದನ್ನೂ ಕ್ಲಾಸಿಟ್ಟು ಕಲಿಸುತ್ತಾರೆ ಎಂದು ಅಮ್ಮನಿಗೆ ಗೊತ್ತಾದದ್ದು ಮಗಳು ಅದಕ್ಕೆ ಸೇರಿದ ಮೇಲೆ. ಗಂಡ ಹೆಂಡತಿ ಜಗಳ ಹೊತ್ತುಕೊಂಡು ಬರುತ್ತಾರಂತೆ. ಇವಳು ಎದುರು ಕೂತು ಇಬ್ಬರ ಮಾತನ್ನೂ ಕೇಳಬೇಕಂತೆ. ಯಾರ ಪಕ್ಷವನ್ನೂ ಹಿಡಿಯಬಾರದಂತೆ. (ಮಗಳಿಗೆ ಮದುವೆಯಾಗಿಲ್ಲ. ಆಗದವರಿಗೇ ಈ ಕೆಲಸ ಸಲೀಸು ಎಂದು ಅಮ್ಮನ ಅಭಿಪ್ರಾಯ.)

"ಇಷ್ಟು ವರ್ಷ ನಿಮ್ಮಪ್ಪನ ಜೊತೆ ಬಾಳಿದೆ. ನಂಗ್ಯಾರೂ ಸರ್ಟಿಫಿಕೇಟ್ ಕೊಡ್ಲಿಲ್ಲ."

"ನೀನು ಪಾಸಾಗ್ತಿರ್ಲಿಲ್ಲ ಬಿಡಮ್ಮ. ಅಪ್ಪನ್ನ ಬಾಯಿ ತೆಗೆಯೋಕೆ ಬಿಡ್ತಿದ್ಯಾ?"

ಅಪ್ಪ ಹೋಗಿ ವರ್ಷವಾಗಿತ್ತು. ಈಗ ಬಾಯಿ ತೆಗೆಯಲಿ ಎಂದರೂ ತೆಗೆಯುವಂತಿರಲಿಲ್ಲ.

ಕೊನೆಯ ಪರೀಕ್ಷೆ ಬಂತು. ಮೇಷ್ಟ್ರ ಕಣ್ಣೆದುರೇ ಒಂದು ಜೋಡಿಯನ್ನು ಕೂರಿಸಿಕೊಂಡು ಮಾತಾಡಿಸಬೇಕು. ಪಾಸಾದರೆ ಮಗಳಿಗೆ ಸ್ವಂತ ರೂಮು, ಬಾಗಿಲ ಮೇಲೆ ಸ್ವಂತ ಹೆಸರು. ಮೂಲೆ ಅಂಗಡಿಯ ಟೈಲರ್, ಅವನ ಹೆಂಡತಿ ಬಂದು ಸುಳ್ಳು ಜಗಳ ಆಡಿಕೊಡಲು ಒಪ್ಪಿದ್ದರು. ತಪ್ಪು ಯಾರದೆಂದು ಇಟ್ಟುಕೊಳ್ಳೋಣ ಎಂದು ಬೆಳಿಗ್ಗೆ ಮಾತಾಡುತ್ತಾ ಕೂತವರಿಗೆ ನಿಜ ಜಗಳವೇ ಹತ್ತಿಕೊಂಡಿತು. ಹೆಂಡತಿ ಅಕ್ಕನ ಮನೆಗೆ ಹೊರಟುಹೋದಳು. ಟೈಲರ್ ಕೊರಳಲ್ಲಿ ಟೇಪು ಹಾಕಿಕೊಂಡು ಒಬ್ಬನೇ ಬಂದು ನಿಂತ.

ಮಗಳು ತಲೆ ಮೇಲೆ ಕೈ ಹೊತ್ತು ಕೂತಳು.

"ನಾನು ಬರ್ತೀನಿ ನಡಿ," ಎಂದಳು ಅಮ್ಮ.

"ಮನೆಯವರು ಕೂರೋ ಹಾಗಿಲ್ಲ. ಗೊತ್ತಾದ್ರೆ ಫೇಲ್."

"ನಿನ್ನನ್ನ ಮೇಡಂ ಅಂತ ಕರೀತೀನಿ. ಆಯ್ತಾ?"

"ಸಣ್ಣ ಜಗಳ ಸಾಕು. ಕೊನೇಲಿ ಮೆತ್ತಗಾಗು."

ರೂಮಿನಲ್ಲಿ ಮೂರು ಕುರ್ಚಿ, ಕಣ್ಣೊರೆಸಲು ಒಂದು ಡಬ್ಬಿ ಪೇಪರು. ಹಿಂದೆ ಮೇಷ್ಟ್ರು ಪೆನ್ನು ಹಿಡಿದು ಕೂತಿದ್ದರು.

"ಏನು ತೊಂದರೆ ಹೇಳಿ," ಎಂದಳು ಮಗಳು, ಯಾರೋ ಏನೋ ಎಂಬಂತೆ.

"ಇವರು ಒದ್ದೆ ಟವೆಲ್ ತಂದು ಹಾಸಿಗೆ ಮೇಲೆ ಎಸೀತಾರೆ, ಮೇಡಂ."

"ಇನ್ಮೇಲೆ ಎಸೆಯಲ್ಲ," ಎಂದ ಟೈಲರ್.

ಜಗಳ ಅಲ್ಲಿಗೇ ಮುಗಿಯುವುದರಲ್ಲಿತ್ತು. ಮಗಳು ಕಣ್ಣು ದೊಡ್ಡದು ಮಾಡಿದಳು. ಅಮ್ಮನಿಗೂ ಸಿಟ್ಟು ಬಂತು. ತನ್ನ ಯಜಮಾನರೂ ಹೀಗೇ, ಎಲ್ಲದಕ್ಕೂ ಹ್ಞೂಂ ಎಂದು ಎದ್ದು ಹೋಗುತ್ತಿದ್ದರು.

"ಬರೀ ಬಾಯಿಮಾತು. ಇವತ್ತು ಬೆಳಿಗ್ಗೇನೂ ಅಲ್ಲೇ ಬಿದ್ದಿತ್ತು. ನೀವು ಮಲಗೋ ಕಡೆ. ಹಾಸಿಗೆಯೆಲ್ಲಾ ತಣ್ಣಗೆ."

"ನಾನಲ್ಲಪ್ಪಾ," ಎಂದ ಟೈಲರ್, ನಿಜವಾಗಿಯೇ ಹೆದರಿ.

"ನೀವಲ್ದೆ ಇನ್ಯಾರು?"

"ಅಮ್ಮ, ನೀನೇ," ಎಂದಳು ಮಗಳು.

ಮೇಷ್ಟ್ರ ಪೆನ್ನು ನಿಂತಿತು.

"ಅಪ್ಪ ಹೋದ್ಮೇಲೆ ದಿನಾ ನೀನೇ ಎಸೀತೀಯ. ಆಮೇಲೆ ಒಳಗೆ ಹೋಗಿ ನೀನೇ ಬೈತೀಯ. ಅಪ್ಪನ್ನ ಸುಮ್ನೆ ಅನ್ನಬೇಡ."

ಅಮ್ಮ ಟೈಲರ್‌ನ ಟೇಪು ನೋಡುತ್ತಾ ಕೂತಳು. ಇಷ್ಟು ದಿನ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಳು.

"ನೋಡಿದವಳು ಯಾಕೆ ಸುಮ್ನಿದ್ದೆ?"

"ನೀನು ಬೈತಿದ್ರೆ ಅಪ್ಪ ಮನೇಲೇ ಇದ್ದ ಹಾಗಿರುತ್ತೆ."

ಡಬ್ಬಿಯ ಪೇಪರನ್ನು ಇಬ್ಬರೂ ಒಟ್ಟಿಗೇ ಎಳೆದರು. ಟೈಲರ್ ಮೆಲ್ಲಗೆ, "ಹಾಗಾದ್ರೆ ನಂದೇನೂ ತಪ್ಪಿಲ್ಲ ತಾನೇ?" ಎಂದು ಕೇಳಿದ. ಬೆಳಗಿನಿಂದ ಅವನಿಗೆ ಬೇಕಾಗಿದ್ದುದು ಅದೊಂದೇ ಮಾತು.

ಮೇಷ್ಟ್ರು ಫೇಲ್ ಮಾಡಿದರು. ಮನೆಯವರನ್ನು ಕೂರಿಸಿದ್ದು ಒಂದು, ಪಕ್ಷ ಹಿಡಿದದ್ದು ಇನ್ನೊಂದು. ಮುಂದಿನ ತಿಂಗಳು ಮತ್ತೆ ಬರಬೇಕು, ಗುರುತಿಲ್ಲದವರ ಜೊತೆ. ಹೊರಡುವಾಗ ಅವರೇ ಅಮ್ಮನಿಗೆ ಬಾಗಿಲು ತೆಗೆದು ಹಿಡಿದರು.

ಅಮ್ಮ ಬಿರಬಿರನೆ ಮನೆಗೆ ನಡೆದಳು. ಸಹಾಯ ಮಾಡಲು ಹೋಗಿ ಮಗಳ ರೂಮು, ಹೆಸರು ಎರಡನ್ನೂ ಕಳೆದಿದ್ದಳು. ಮಾನ ಹೋದದ್ದು ಬೇರೆ. ಇನ್ನು ಟವೆಲ್ ಎಸೆಯುವುದಿಲ್ಲ ಎಂದು ನಿರ್ಧಾರ ಮಾಡಿದಳು. ಮಾರನೆಯ ಬೆಳಿಗ್ಗೆ ಸ್ನಾನ ಮುಗಿಸಿ ಟವೆಲನ್ನು ಹಿಂಡಿ ಹಗ್ಗದ ಮೇಲೆ ಹರವಿ ಬಂದಳು. ಮನೆ ಬಿಕೋ ಎನ್ನುತ್ತಿತ್ತು.

ರೂಮಿಗೆ ಬಂದರೆ ಅಪ್ಪ ಮಲಗುವ ಕಡೆ ಒದ್ದೆ ಟವೆಲ್ ಬಿದ್ದಿತ್ತು. ಮಗಳದ್ದು.

ಅಮ್ಮ ಅದನ್ನು ಕೈಗೆತ್ತಿಕೊಂಡಳು. ಆಮೇಲೆ ಅಡುಗೆಮನೆಯಲ್ಲಿದ್ದ ಮಗಳಿಗೆ ಕೇಳುವ ಹಾಗೆ, "ಎಷ್ಟು ಸಲ ಹೇಳ್ಬೇಕ್ರೀ ನಿಮಗೆ," ಎಂದು ಶುರು ಮಾಡಿದಳು.

"ಅಪ್ಪ ಮರೆತಿರ್ತಾರೆ, ಬಿಡಮ್ಮ."

"ಮತ್ತೆ ಅವರ ಪಕ್ಷಾನೇ. ನೀನು ಮುಂದಿನ ತಿಂಗಳೂ ಫೇಲೇ," ಎಂದಳು ಅಮ್ಮ.