ಕಾಲಿಂಚು ಕಚ್ಚಿದ ಚೌಕಟ್ಟು

ನನ್ನ ಸೊಸೆ ಕಂಪ್ಯೂಟರಿನಲ್ಲಿ ಚೌಕಟ್ಟು ಕಟ್ಟುತ್ತಿದ್ದಾಳೆ, ಅದೂ ನನ್ನನ್ನು ಒಂದು ಮಾತು ಕೇಳದೆ, ಎಂದು ಗೊತ್ತಾದ ದಿನ ನನಗೆ ಊಟವೇ ಸೇರಲಿಲ್ಲ. (ಎರಡು ಸಲ ಬಡಿಸಿಕೊಂಡೆ, ಅದು ಬೇರೆ ಮಾತು.) ನಮ್ಮ ಯಜಮಾನರು ಮೂವತ್ತೆಂಟು ವರ್ಷ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನಡೆಸಿದವರು. ಅವರ ಎದುರು ಕೂತು ಮರದ ಪಟ್ಟಿ ಕೊಯ್ದವಳು, ಗಾಜು ಕತ್ತರಿಸಿದವಳು, ಮೂಲೆ ಕೂಡಿಸಿ ಮೊಳೆ ಹೊಡೆದವಳು ನಾನು. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳಾದರೂ, ಮೂಲೆಯ ಓರೆ ಕೂದಲೆಳೆಯಷ್ಟು ತಪ್ಪಿದರೆ ಸಾಕು, ನನ್ನ ಕಣ್ಣಿಗೆ ಮುಳ್ಳು ಚುಚ್ಚಿದ ಹಾಗಾಗುತ್ತದೆ.

ಸೊಸೆಯದು ಶಾಲೆಯ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಪಾಠ ತಯಾರಿಸುವ ಕೆಲಸ. ಈ ಸಲದ್ದು ಕೈಕಸುಬಿನ ಪಾಠ. ಕುಂಬಾರ, ಬಡಗಿ, ನೇಕಾರ ಎಂದು ಐದು ಜನರ ವೀಡಿಯೊ ಆಗಿತ್ತು. ಆರನೆಯದು ಕಟ್ಟು ಹಾಕುವವರದು, ಅಂದರೆ ಸಾಕ್ಷಾತ್ ನನ್ನದು. ಐದು ನಿಮಿಷ ನಾನು ಮಾತಾಡುತ್ತ ಪುಟ್ಟದೊಂದು ಚೌಕಟ್ಟು ಕಟ್ಟಿ ತೋರಿಸಿದ್ದೆ.

ಆ ಐದು ನಿಮಿಷಕ್ಕಾಗಿ ಜೀವ ಹಿಡಿದುಕೊಂಡಿದ್ದೆ ಎಂದರೆ ಸುಳ್ಳಲ್ಲ. ಕಾರಣ ನನ್ನ ನಾದಿನಿ. "ಕೆಲಸ ಎಲ್ಲ ನಮ್ಮಣ್ಣಂದು, ಅತ್ತಿಗೆ ಅಂಗಡೀಲಿ ಕೂತು ಮಾತಾಡ್ತಿದ್ಲು ಅಷ್ಟೆ" ಎಂದು ನೆಂಟರಿಷ್ಟರ ಮನೆಮನೆಗೂ ಹಂಚಿ ಬಂದವಳು ಅವಳು. ಈಗ ನನ್ನ ಕೈ ಏನು ಮಾಡಬಲ್ಲದು ಎಂದು ಲೋಕವೇ ನೋಡಲಿತ್ತು. ಪಾಠಗಳನ್ನು ಒಪ್ಪಿಗೆಗಾಗಿ ಇಲಾಖೆಯ ಅಧಿಕಾರಿಣಿಗೆ ತೋರಿಸುವ ದಿನ ಶಾಲೆಗೆ ಬಾ ಎಂದು ನಾದಿನಿಗೆ ನಾನೇ ಮೂರು ಸಲ ಫೋನು ಮಾಡಿದ್ದೆ.

ಹೀಗಿರುವಾಗ ಸೊಸೆಯ ಬೆನ್ನ ಹಿಂದೆ ನಿಂತು ನೋಡಿದರೆ, ಪರದೆಯಲ್ಲಿ ಒಂದು ಕಪ್ಪು ಚೌಕ, ಸುತ್ತ ಬೂದಿ ಬಣ್ಣದ ಒಂದು ಗೆರೆ.

"ಏನೇ ಇದು?"

"ವೀಡಿಯೊ ಪ್ಲೇಯರ್ ಅತ್ತೆ. ಕಪ್ಪು ಜಾಗದಲ್ಲಿ ವೀಡಿಯೊ ಓಡುತ್ತೆ. ಸುತ್ತ ಇರೋದು ಅಲಂಕಾರದ ಚೌಕಟ್ಟು."

"ಅಲಂಕಾರ ಎಲ್ಲಿಗೆ ಹೋಗಿದೆ? ಸಂತೆಗಾ?"

ಮಂಚದ ಕೆಳಗಿನ ಟ್ರಂಕಿನಿಂದ ಅಂಗಡಿಯ ಕಾಲದ ಒಂದು ಪಟ್ಟಿ ತಂದು ಅವಳ ಮುಂದಿಟ್ಟೆ. ಚಿನ್ನದ ಬಣ್ಣ, ಉದ್ದಕ್ಕೂ ಬಳ್ಳಿ, ಗೇಣಿಗೊಂದು ಹೂ. ಸೊಸೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಫೋಟೋ ಹೊಡೆದು ಕಂಪ್ಯೂಟರಿಗೆ ಇಳಿಸಿದಳು. ಗರಗಸವಿಲ್ಲ, ಗೋಂದಿಲ್ಲ, ಕ್ಷಣದಲ್ಲಿ ನಾಲ್ಕು ಪಟ್ಟಿಗಳು ಕಪ್ಪು ಚೌಕವನ್ನು ಸುತ್ತುವರಿದವು.

"ಎಡಗಡೆ ಮೇಲಿನ ಮೂಲೆ ಬಾಯಿ ಬಿಟ್ಟಿದೆ" ಎಂದೆ.

"ಎಲ್ಲಿ ಬಿಟ್ಟಿದೆ, ಸರಿಯಾಗೇ ಇದೆಯಲ್ಲ." ಎಂಟು ಪಟ್ಟು ದೊಡ್ಡದು ಮಾಡಿ ನೋಡಿದಳು. ಬಿಟ್ಟಿತ್ತು. "ಅತ್ತೆ, ಇದು ಕಣ್ಣಾ ಭೂತಗನ್ನಡಿಯಾ?"

ಅಲ್ಲಿಂದ ನಾನು ಕುರ್ಚಿ ಎಳೆದು ಅವಳ ಪಕ್ಕದಲ್ಲೇ ಪ್ರತಿಷ್ಠಾಪನೆಯಾದೆ. ಓಡಿಸುವ, ನಿಲ್ಲಿಸುವ ಗುಂಡಿಗಳನ್ನು ಹಿತ್ತಾಳೆಯ ಹೂಮೊಳೆಗಳನ್ನಾಗಿ ಮಾಡಿಸಿದೆ. ಗಾಜು ಎಲ್ಲಿ ಎಂದು ಕೇಳಿದೆ. ಪರದೆಯೇ ಗಾಜು ಎಂದಳು, ಸೆರಗಿನಿಂದ ಒರೆಸಿದೆ. ಎರಡು ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿದ್ದು ಮಗನ ಕೈಯಲ್ಲಿ. (ಉಪ್ಪಿನ ವಿಷಯ ಈಗ ಬೇಡ.)

ಕೊನೆಯಲ್ಲಿ ಅಳತೆಪಟ್ಟಿ ತಂದು ಪರದೆಗೆ ಹಿಡಿದೆ.

"ಇದು ಕಚ್ಚಿಲ್ಲ ಕಣೆ."

"ಏನು ಕಚ್ಚಬೇಕು?"

"ಚೌಕಟ್ಟು ಚಿತ್ರದ ಅಂಚನ್ನ ಸುತ್ತಲೂ ಕಾಲಿಂಚು ಕಚ್ಚಿ ಹಿಡೀಬೇಕು. ಕೆಳಗಡೆ ಒಂದಿಂಚು, ಭಾರ ಎಲ್ಲ ಅಲ್ಲೇ ಕೂರೋದು. ಇಲ್ಲದಿದ್ರೆ ಚಿತ್ರ ಜಾರಿ ಬೀಳುತ್ತೆ."

"ಅತ್ತೆ, ವೀಡಿಯೊಗೆ ಭಾರ ಇರಲ್ಲ."

"ನನ್ನ ಐದು ನಿಮಿಷ ಅದರೊಳಗೆ ಕೂರುತ್ತೆ. ಭಾರ ಇಲ್ಲ ಅಂತೀಯಾ?"

ಸೊಸೆ ನಕ್ಕು ಸೋತಳು. ಚೌಕಟ್ಟು ಕಚ್ಚಿತು. ಕುಂಬಾರನ ವೀಡಿಯೊ ಹಾಕಿ ನೋಡಿದೆವು. ತಿಗರಿ ನಟ್ಟನಡುವೆ ತಿರುಗುತ್ತಿತ್ತು, ಏನೂ ಕಡಿಮೆಯಾಗಿರಲಿಲ್ಲ. ನನ್ನದನ್ನು ಮುಂಚೆಯೇ ನೋಡಿ ದೃಷ್ಟಿ ಹಾಕುವುದು ಬೇಡವೆಂದು ನಾನೇ ತಡೆದೆ.

ಶಾಲೆಯ ಕೋಣೆಯಲ್ಲಿ ಅಧಿಕಾರಿಣಿ ಮುಂದಿನ ಸಾಲಿನಲ್ಲಿ, ನಾನೂ ನಾದಿನಿಯೂ ಅವರ ಬೆನ್ನ ಹಿಂದೆ. ಐದು ಪಾಠ ಮುಗಿಯಿತು. ಆರನೆಯದಕ್ಕೆ ನಾದಿನಿಯ ಮೊಣಕೈ ತಿವಿದೆ. ಬಂಗಾರದ ಬಳ್ಳಿಯ ನಡುವೆ ನನ್ನ ಮುಖ ಮೂಡಿತು. ಆಹಾ, ಪಟ್ಟದ ರಾಣಿಯ ಹಾಗಿದ್ದೆ.

"ನೋಡಿ ಮಕ್ಕಳೇ, ಪಟ್ಟಿಯನ್ನ ಹೀಗೆ ಇಟ್ಟು, ಹೀಗೆ ಕೊಯ್ಯಬೇಕು" ಎಂದಿತು ಮುಖ. ಹೇಗೆ ಎಂದು ಕಾಣಲಿಲ್ಲ. "ಆಮೇಲೆ ಹೀಗೆ ಕೂಡಿಸಿ, ಹೀಗೆ ಮೊಳೆ" ಎಂದಿತು. ಟಕ್ ಟಕ್ ಎಂದು ಸದ್ದು ಬಂತು. ಪಟ್ಟಿಯೂ ಇಲ್ಲ, ಮೊಳೆಯೂ ಇಲ್ಲ, ಕೈಯೂ ಇಲ್ಲ. ಚಿತ್ರದ ಅಡಿಯಲ್ಲಿದ್ದ ನನ್ನ ಎರಡು ಕೈಗಳನ್ನೂ ಚೌಕಟ್ಟಿನ ಕೆಳಗಿನ ಒಂದಿಂಚು ಪೂರ್ತಿ ಕಚ್ಚಿ ನುಂಗಿತ್ತು. ಐದು ನಿಮಿಷ ನನ್ನ ಬಾಯಿ ಒಂದೇ ಸಮನೆ ಆಡಿತು. ನಾದಿನಿ ಅನ್ನಬೇಕಾದ್ದನ್ನೆಲ್ಲ ಪರದೆಯೇ ಅನ್ನುತ್ತಿತ್ತು.

ಅಧಿಕಾರಿಣಿ ಸೊಸೆಯತ್ತ ತಿರುಗಿದರು. "ಪಾಠ ಎಲ್ಲ ಚೆನ್ನಾಗಿದೆ. ಚೌಕಟ್ಟಂತೂ ತುಂಬಾ ಇಷ್ಟ ಆಯ್ತು. ಯಾರ ಕೈಕೆಲಸ?"

"ಹಳೇ ಕಟ್ಟು ಹಾಕೋರು ಒಬ್ರು ಹೇಳಿಕೊಟ್ರು ಮೇಡಂ."

"ಮತ್ತೆ ಅವರನ್ನೇ ಕೂರಿಸಬಾರದಿತ್ತಾ? ಈ ಅಜ್ಜಿ ಬರೀ ಮಾತಾಡ್ತಾರೆ, ಕೆಲಸ ಏನೂ ಮಾಡ್ತಿಲ್ಲ. ಇವರನ್ನ ತೆಗೆದುಬಿಡಿ."

ನಾನು ಎದ್ದು ನಿಂತೆ. "ಕಟ್ಟು ಹಾಕೋಳು ನಾನೇ ಅಮ್ಮ."

ಅವರು ನನ್ನನ್ನು ನೋಡಿದರು, ಪರದೆಯನ್ನು ನೋಡಿದರು. "ಹಾಗಾದ್ರೆ ಇವರು?"

"ಅದೂ ನಾನೇ."

ಅವರು ನಗು ತಡೆದುಕೊಂಡು ತೀರ್ಪು ಕೊಟ್ಟರು. ಮತ್ತೆ ತೆಗೆಯಬೇಕು, ಕಟ್ಟಿ ತೋರಿಸುವ ಚೌಕಟ್ಟು ದೊಡ್ಡದಿರಬೇಕು, ಈ ಸಲ ಕೈ ಮಾತ್ರ ಸಾಕು, ಮುಖವೂ ಬೇಡ ಮಾತೂ ಬೇಡ.

ಮರುದಿನವೇ ಸೊಸೆ ಕ್ಯಾಮೆರಾ ಹೂಡಿದಳು. ಸಮಾಧಾನ ಹೇಳುವ ನೆಪದಲ್ಲಿ ನಾದಿನಿಯೂ ಬಂದು ಕೂತಿದ್ದಳು. ದೊಡ್ಡ ಚೌಕಟ್ಟು ಅಲುಗಾಡಿದರೆ ಮೊಳೆ ಓರೆಯಾಗುತ್ತದೆ. "ಸುಮ್ನೆ ಕೂತಿದ್ದೀಯಲ್ಲ, ಈ ಮೂಲೆ ಒತ್ತಿ ಹಿಡಿ ಬಾರೆ" ಎಂದು ಅವಳನ್ನು ಕರೆದವಳು ನಾನೇ. ನನ್ನ ನಾಲಿಗೆಗೆ ಬೀಗ ಹಾಕುವವರು ಅಲ್ಲಿ ಯಾರೂ ಇರಲಿಲ್ಲ. ಹೊಡೆದ ಕೈ ನನ್ನದು, ಹಿಡಿದ ಕೈ ಅವಳದು. ಮೂಲೆ ಎಂಥಾ ಮೂಲೆ ಎನ್ನುತ್ತೀರಿ, ಇರುವೆಯ ಮೀಸೆಯೂ ತೂರದು. ಮಾತನ್ನೆಲ್ಲ ಕತ್ತರಿಸಿ ಕೈಗಳನ್ನಷ್ಟೇ ಉಳಿಸಿದ ವೀಡಿಯೊ ಒಪ್ಪಿಗೆಯಾಯಿತು, ನೂರಾರು ಶಾಲೆಗಳಿಗೆ ಹೋಯಿತು. ನಾದಿನಿ ಅದನ್ನು ತನ್ನ ಫೋನಿಗೂ ಹಾಕಿಸಿಕೊಂಡು ನೆಂಟರ ಮನೆಗಳಿಗೆ ಹೊರಟಳು. ಕೊನೆಗೂ ಬುದ್ಧಿ ಬಂತು, ನನ್ನ ಕೆಲಸವನ್ನು ಅವಳೇ ತೋರಿಸುತ್ತಿದ್ದಾಳೆ ಎಂದು ನಾನು ಉಬ್ಬಿಹೋದೆ.

ಮೊನ್ನೆ ಯಜಮಾನರ ಚಿಕ್ಕಮ್ಮ ಫೋನು ಮಾಡಿದ್ದರು.

"ನೋಡಿದೆ ಕಣಮ್ಮ. ನಿನ್ನ ನಾದಿನಿ ಏನು ಚೆನ್ನಾಗಿ ಮೊಳೆ ಹೊಡೀತಾಳೆ, ಥೇಟ್ ಅವಳ ಅಣ್ಣನ ಕೈ. ನೀನೂ ಬೇಜಾರು ಮಾಡ್ಕೋಬೇಡ, ಅಲ್ಲಾಡದ ಹಾಗೆ ಹಿಡ್ಕೊಂಡಿದ್ದೀಯ."