ಬೇಕೆಂದೇ ಸೋಲುವವರ ಪ್ರತಿಷ್ಠೆಯ ಬಗ್ಗೆ

ಆನ್‌ಲೈನ್ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟ
ಪ್ರತಿಷ್ಠೆ ಸಮತೋಲನ ವಿಭಾಗ

ಸಂಖ್ಯೆ: ಪ್ರಸವಿ/ಏರಿಳಿತ/ತಿದ್ದುಪಡಿಯ ತಿದ್ದುಪಡಿ

ವಿಷಯ: ಪ್ರತಿಷ್ಠೆ ಇಳಿಸಿಕೊಳ್ಳುವ ಸಲುವಾಗಿ ಬೇಕೆಂದೇ ಸೋಲುವುದನ್ನು ನಿಷೇಧಿಸುವ ಬಗ್ಗೆ.

ಉಲ್ಲೇಖ: 1. ದಂತವೈದ್ಯರೊಬ್ಬರ ತಂಡವೇ ಸದಾ ಗೆಲ್ಲುತ್ತಿದೆಯೆಂಬ ಸಾರ್ವಜನಿಕ ಗೊಣಗಾಟ.
2. ಅದನ್ನು ಸರಿಪಡಿಸಲು ಹೊರಡಿಸಿದ ನಮ್ಮ ಸುತ್ತೋಲೆ.
3. ಸದರಿ ಸುತ್ತೋಲೆಯಿಂದಾದ ಅನಾಹುತ.

ಈ ಆಟದಲ್ಲಿ ಒಬ್ಬೊಬ್ಬರೂ ಕೂತಲ್ಲೇ ಫೋನಿನಲ್ಲಿ ಒಂದೊಂದು ತಂಡ ನಡೆಸುತ್ತಾರೆ. ಗೆದ್ದವರಿಗೆ ಪ್ರತಿಷ್ಠೆ, ಪ್ರತಿಷ್ಠೆ ಇದ್ದಲ್ಲಿಗೆ ಒಳ್ಳೆಯ ಹೊಸ ಆಟಗಾರರು, ಅವರಿಂದ ಮತ್ತೆ ಗೆಲುವು. ಹೀಗೆ ದಂತವೈದ್ಯರ ತಂಡ ಯಾರ ಕೈಗೂ ಸಿಗದಷ್ಟು ಮೇಲೇರಿತ್ತು. ಟೈಲರ್ ಆಗಿರುವ ಅವರ ಅತ್ತಿಗೆಯವರ ತಂಡ ತಳ ಹಿಡಿದಿತ್ತು. ಹೊಲಿಗೆ ಯಂತ್ರಕ್ಕೆ ಫೋನ್ ಒರಗಿಸಿಟ್ಟುಕೊಂಡು, ಬುಟ್ಟಿ ಯಾವ ಕಡೆಗಿದೆಯೆಂದೂ ತಿಳಿಯದ ಆಟಗಾರರನ್ನೇ ತಿದ್ದಿ ತೀಡುತ್ತಿದ್ದ ಅತ್ತಿಗೆ, "ಇನ್ನೊಂದು ಸಲ ಸೋತ್ರೆ ಬಿಟ್ಬಿಡ್ತೀನಿ ಕಣಪ್ಪ" ಎಂದು ಮೈದುನನಿಗೆ ಹೇಳಿದ್ದನ್ನು ವಿಭಾಗವು ವಿಷಾದದಿಂದ ಗಮನಿಸಿತ್ತು. ಆದ್ದರಿಂದ ಕೊನೆಯ ಸ್ಥಾನದ ತಂಡಕ್ಕೆ ಅತ್ಯುತ್ತಮ ಹೊಸ ಆಟಗಾರನನ್ನು ಕೊಡತಕ್ಕದ್ದೆಂದು ಆದೇಶಿಸಲಾಗಿತ್ತು.

ಮರುದಿನವೇ ದಂತವೈದ್ಯರು ತಮ್ಮ ಐದೂ ಆಟಗಾರರಿಗೆ ಹಲ್ಲುನೋವೆಂದು ತಾವೇ ಪ್ರಮಾಣಪತ್ರ ಕೊಟ್ಟು ಬೆಂಚಿನಲ್ಲಿ ಕೂರಿಸಿದರು. ಉಳಿದವರೂ ನಾಮುಂದು ತಾಮುಂದು ಎಂದು ಸೋಲಲಾರಂಭಿಸಿದರು. ಗೆಲ್ಲಲು ಆಡಿದವರು ಅತ್ತಿಗೆ ಒಬ್ಬರೇ. ಪರಿಣಾಮವಾಗಿ ಅವರು ಚಾಂಪಿಯನ್ ಆದರು. ಕಪ್ ಮಂಜೂರು ಮಾಡಿದಾಗ, "ಎದುರಿಗೆ ಯಾರೂ ಆಡ್ದೇ ಇದ್ರೆ ನಾನು ಗೆದ್ದಿದ್ದು ಯಾರನ್ನ? ನಮ್ಮ ಮೈದುನ ನನ್ನ ಜೊತೆ ಸರಿಯಾಗಿ ಆಡ್ಲಿ" ಎಂದು ನಿರಾಕರಿಸಿದರು.

ಈ ಹಿನ್ನೆಲೆಯಲ್ಲಿ ಸಂಬಂಧಪಟ್ಟ ಹಾಗೂ ಸಂಬಂಧಪಡದ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ:

1. ಸೋಲಲು ಇಚ್ಛಿಸುವವರು ಮೊದಲು ಗೆಲ್ಲಲು ಪ್ರಯತ್ನಿಸಿರತಕ್ಕದ್ದು.

2. ಸ್ವಂತ ಬುಟ್ಟಿಗೆ ಚೆಂಡು ಹಾಕಿಕೊಳ್ಳುವುದನ್ನು ಔದಾರ್ಯವೆಂದು ಪರಿಗಣಿಸಲಾಗುವುದಿಲ್ಲ.

3. ಹಲ್ಲುನೋವಿರುವ ಆಟಗಾರರು ಬಾಯಿ ಮುಚ್ಚಿಕೊಂಡು ಆಡತಕ್ಕದ್ದು. ಕಂಪ್ಯೂಟರಿನೊಳಗಿನ ಆಟಗಾರರಿಗೆ ಹಲ್ಲೇ ಇರುವುದಿಲ್ಲವೆಂದು ತಾಂತ್ರಿಕ ಶಾಖೆಯು ದೃಢಪಡಿಸಿದೆ.

4. ಮನೆಯವರ ಮುಂದೆ ಇಳಿದುಹೋದ ಪ್ರತಿಷ್ಠೆಯನ್ನು ಏರಿಸಿಕೊಡುವ ಅಧಿಕಾರ ಈ ವಿಭಾಗಕ್ಕಿಲ್ಲ.

5. ಅತ್ತಿಗೆಯವರ ಕೋರಿಕೆಯಂತೆ ಮರುಪಂದ್ಯ ನಡೆಸಲಾಯಿತು. ದಂತವೈದ್ಯರು ಪೂರ್ತಿ ತಂಡ ಇಳಿಸಿದರು. ಅತ್ತಿಗೆ ಹೀನಾಯವಾಗಿ ಸೋತರು. ಕೂಡಲೇ ಮೈದುನನಿಗೆ ಫೋನ್ ಮಾಡಿ, "ನಮ್ಮ ಕುಳ್ಳ ನಿನ್ನ ಉದ್ದದವನ ಕೈಯಿಂದಾನೇ ಚೆಂಡು ಕಿತ್ಕೊಂಡ, ನೋಡಿದ್ಯಾ?" ಎಂದರು. "ನೋಡ್ದೆ ಅತ್ತಿಗೆ. ಹೊಟ್ಟೆ ಉರೀತು" ಎಂದು ದಂತವೈದ್ಯರು ಒಪ್ಪಿಕೊಂಡರು. ಅತ್ತಿಗೆ ಆಟ ಬಿಡುವ ಯೋಚನೆ ಕೈಬಿಟ್ಟಿದ್ದಾರೆ. ಇದು ಯಾವ ನಿಯಮದಿಂದಾಯಿತೆಂದು ವಿಭಾಗಕ್ಕೆ ತಿಳಿದಿರುವುದಿಲ್ಲ. ಆದಾಗ್ಯೂ ಇದರ ಶ್ರೇಯಸ್ಸು ವಿಭಾಗಕ್ಕೇ ಸಲ್ಲತಕ್ಕದ್ದು.

ಸಹಿ/-
ಪ್ರಭಾರ ಸಮತೋಲನಾಧಿಕಾರಿ
(ಕಾಯಂ ಅಧಿಕಾರಿಗಳು ಆಟದಲ್ಲಿದ್ದಾರೆ)

ಪ್ರತಿಗಳು:
1. ದಂತವೈದ್ಯರಿಗೆ, ಪಾಲನೆಗಾಗಿ.
2. ಅತ್ತಿಗೆಯವರಿಗೆ, ಗೌರವಪೂರ್ವಕವಾಗಿ.
3. ದಂತವೈದ್ಯರ ಅಣ್ಣನವರಿಗೆ, ಯಾರ ಪರವನ್ನೂ ವಹಿಸದಿರುವ ಸಲುವಾಗಿ.
4. ಕಡತಕ್ಕೆ. ಕಡತ ಸಿಗದಿದ್ದಲ್ಲಿ ಬೇರೊಂದು ಕಡತಕ್ಕೆ.