ಗಲಗಲ ಎನ್ನುವ ಕಾಯಿ, ಕುಂಯ್ ಎನ್ನುವ ಕಿವಿ

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಪಕ್ಕದ ಮನೆಯ ನಲ್ಲಿಯಲ್ಲಿ ನಮ್ಮದಕ್ಕಿಂತ ಜೋರಾಗಿ ನೀರು ಬಂದರೂ ಅರ್ಧ ದಿನ ಮಂಕಾಗಿರುವವನು ನಾನು. ಆದರೆ ಇನ್ನೊಬ್ಬನ ಕಿವಿ ನೋಡಿ ಕರುಬುವ ಮಟ್ಟಕ್ಕೆ ಇಳಿಯುತ್ತೇನೆಂದು ಎಣಿಸಿರಲಿಲ್ಲ. ಆ ಕಿವಿಯಾದರೂ ಚೆಂದವೇ ಎಂದರೆ ಅದೂ ಅಲ್ಲ. ಬೀಡಿ ಸಿಕ್ಕಿಸಿಕೊಳ್ಳಲೆಂದೇ ಹುಟ್ಟಿದಂತಿರುವ ಅಗಲ ಕಿವಿ, ಒಳಗೆಲ್ಲ ಕೂದಲು. ಅದರ ಒಡೆಯ ಓಬಳೇಶ, ಕುಂದುರ್ಪಿ ಕಡೆಯವನು, ನನ್ನ ಜೊತೆ ಕೆಲಸ ಮಾಡುವವನು.

ನಮ್ಮ ಕೆಲಸವೆಂದರೆ ಹಿಂದೂಪುರದ ಎಣ್ಣೆ ಮಿಲ್ಲಿಗೆ ಕಲ್ಯಾಣದುರ್ಗದ ಮಾರ್ಕೆಟ್ ಯಾರ್ಡಿನಲ್ಲಿ ಕಡಲೆಕಾಯಿ ಆರಿಸುವುದು. ನಾನು ಬಿ.ಎಸ್ಸಿ. ಓದಿದ್ದೇನೆ, ನಿಜ. ಆದರೆ ಅನ್ನ ಹಾಕುತ್ತಿರುವುದು ಪದವಿಯಲ್ಲ, ಬಲಗಿವಿ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಣಗಿದ್ದರೆ ಒಳಗಿನ ಬೀಜ ಗಲಗಲ ಎನ್ನುತ್ತದೆ, ಹಸಿಯಿದ್ದರೆ ಬಾಯಿಯೇ ಬಿಡುವುದಿಲ್ಲ. ತೇವ ಅಳೆಯುವ ಯಂತ್ರವೂ ಮಿಲ್ಲಿನಲ್ಲಿದೆ, ಆದರೆ ಯಜಮಾನರಿಗೆ ಅದರ ಮೇಲೆ ನಂಬಿಕೆಯಿಲ್ಲ. ಅದು ಅವರ ಅಳಿಯ ತಂದದ್ದು.

ಈ ಚಿನ್ನದಂಥ ಕಿವಿ ಕೆಟ್ಟದ್ದು ಕೊಡಿಕೊಂಡ ಎಂಬ ಊರಿನ ಚೆಕ್‌ಪೋಸ್ಟಿನಲ್ಲಿ. ಲೋಡ್ ಕಳಿಸಲು ಹೋಗಿದ್ದ ನಾನೂ ಓಬಳೇಶನೂ ಪಂಕ್ಚರ್ ಅಂಗಡಿಯ ಪಕ್ಕ ಟೀ ಕುಡಿಯುತ್ತ ನಿಂತಿದ್ದೆವು. ಒಂದು ಲಾರಿ ಟೈರಿಗೆ ಗಾಳಿ ತುಂಬುತ್ತಿದ್ದರು. ನನ್ನ ಬಿಸ್ಕತ್ತು ಲೋಟದಿಂದ ಜಾರಿ ಕೆಳಗೆ ಬಿತ್ತು. ಬಗ್ಗಿದೆ. ಆ ಕ್ಷಣಕ್ಕೆ ಸರಿಯಾಗಿ ಟೈರು ಸಿಡಿದು, ಅದನ್ನು ಹಿಡಿದಿಟ್ಟಿದ್ದ ಕಬ್ಬಿಣದ ರಿಂಗು ಹಾರಿ, ನನ್ನ ತಲೆ ಇದ್ದ ಜಾಗವನ್ನು ದಾಟಿ ಟೀ ಅಂಗಡಿಯ ತಗಡನ್ನು ಸೀಳಿಕೊಂಡು ಹೋಯಿತು. ಯಾರಿಗೂ ಗಾಯವಾಗಲಿಲ್ಲ. ಓಬಳೇಶ ನನಗಿಂತ ಎರಡು ಮಾರು ಟೈರಿಗೆ ಹತ್ತಿರವಿದ್ದ. ಅವನು ಲೋಟ ಕೆಳಗಿಟ್ಟು, “ಬಿಸ್ಕತ್ ಕಾಪಾಡ್ಬುಡ್ತು ಕಣಣ್ಣ” ಅಂದ. ನಾನು ಮಾತ್ರ ಇವತ್ತಿಗೂ ದಿನಕ್ಕೆ ಹತ್ತು ಸಲ ಮನಸ್ಸಿನಲ್ಲೇ ಆ ಬಿಸ್ಕತ್ತಿಗೆ ಬಗ್ಗುತ್ತೇನೆ. ಕೆಲವು ಸಲ ಬಗ್ಗುವುದು ತಡವಾಗುತ್ತದೆ. ಆಗ ಮೈ ಬೆವರುತ್ತದೆ.

ರಿಂಗು ಹೋಯಿತು, ರಿಂಗಣ ಉಳಿಯಿತು. ಬಲಗಿವಿಯಲ್ಲಿ ಕುಂಯ್ ಎಂಬ ಸದ್ದು, ಬಿಡುವೇ ಇಲ್ಲ. ಹಿಂದೂಪುರದ ಕಿವಿ ಡಾಕ್ಟರು ನನ್ನನ್ನು ಸದ್ದೇ ನುಸುಳದ ಒಂದು ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷಿಸಿದರು. ಆಮೇಲೆ, “ಸದ್ದು ಮಾಡ್ತಿರೋದು ನಿಮ್ಮ ಕಿವಿಯಲ್ಲ, ಮಿದುಳು” ಎಂದರು. ಕಿವಿಗೆ ಪೆಟ್ಟಾಗಿ ಕೆಲವು ಸಣ್ಣ ಸ್ವರಗಳು ಮೇಲಕ್ಕೆ ಹೋಗುತ್ತಿಲ್ಲವಂತೆ. ದಿನಾ ಬರುತ್ತಿದ್ದದ್ದು ಬರಲಿಲ್ಲವಲ್ಲ ಎಂದು ಮಿದುಳು ತನ್ನ ರೇಡಿಯೊ ಜೋರು ಮಾಡಿಕೊಂಡು ಕೂತಿದೆಯಂತೆ. ಜೊತೆಗೆ ಅವತ್ತಿನ ಹೆದರಿಕೆ ಸೇರಿ, ಈ ಸದ್ದು ಅಪಾಯದ್ದು, ಬಿಡದೆ ಕೇಳು ಎಂದು ಅದಕ್ಕೆ ಹೇಳುತ್ತಿದೆಯಂತೆ. “ಮನಸ್ಸಿಗೆ ಬೇರೆ ಕೆಲಸ ಕೊಡಿ, ಎಷ್ಟೋ ಜನಕ್ಕೆ ಕಡಿಮೆಯಾಗುತ್ತೆ” ಎಂದು ಕಳಿಸಿದರು. ಮನೆಗೆ ಬಂದು ಹೆಂಡತಿ ಶಾರದೆಗೆ ಎಲ್ಲ ವಿವರಿಸಿದೆ. “ಅಂತೂ ಮಿದುಳು ಐತೆ ಅಂತ ಡಾಕ್ಟ್ರೇ ಹೇಳವ್ರೆ” ಅಂದಳು.

ತೊಂದರೆ ಶುರುವಾದದ್ದು ಕಲ್ಯಾಣದುರ್ಗದಲ್ಲಿ. ಯಾವ ಕಾಯಿ ಅಲ್ಲಾಡಿಸಿದರೂ ಕುಂಯ್ ಒಂದೇ. ಅಂದಾಜಿನ ಮೇಲೆ ಒಂದು ರಾಶಿಯನ್ನು ಒಣಗಿದೆ ಎಂದುಬಿಟ್ಟೆ. ಓಬಳೇಶ ಒಂದು ಕಾಯಿ ಸುಲಿದು ತೋರಿಸಿದ. ಬೀಜ ಹಸಿಹಸಿ. ವಿಷಯ ತಿಳಿದು ಫೋನ್ ಮಾಡಿದ ಯಜಮಾನರು ಗದರಲಿಲ್ಲ. ಶನಿವಾರ ತಾವೇ ಬರುವುದಾಗಿಯೂ, ಅಲ್ಲಿಯವರೆಗೆ ಸರಿಹೋಗದಿದ್ದರೆ ಕಾಯಿ ನೋಡುವ ಕುರ್ಚಿ ಓಬಳೇಶನಿಗೆ, ಗೋಣಿಚೀಲ ಎಣಿಸುವ ಕೆಲಸ ನನಗೆ ಎಂದೂ ಮೆತ್ತಗೆ ಹೇಳಿದರು. ಹದಿನೆಂಟು ವರ್ಷ ಕೂತ ಕುರ್ಚಿ!

ಶನಿವಾರ ಯಜಮಾನರು ಬಂದು, ಮೊದಲು ಓಬಳೇಶನ ಕೈಗೇ ಕಾಯಿ ಕೊಟ್ಟರು. ಅವನು ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ ಅಲ್ಲಾಡಿಸಿದ. ತಲೆ ಓರೆ ಮಾಡುವುದು ನನ್ನದು. ಕಣ್ಣು ಮುಚ್ಚುವುದೂ ನನ್ನದೇ. ಟೈರಿಗೆ ಹತ್ತಿರ ನಿಂತವನು ಇವನು, ಕಿವಿ ಕೆಟ್ಟದ್ದು ನನ್ನದು. ಈಗ ಕುರ್ಚಿಯೂ ಇವನದಾಗಬೇಕೆ? ಹೊಟ್ಟೆಯಲ್ಲಿ ಬೆಂಕಿ ಹತ್ತಿಕೊಂಡಿತು. ರಾಶಿಯಿಂದ ಒಂದು ಕಾಯಿ ಕಿತ್ತುಕೊಂಡು ಕಿವಿಗಿಟ್ಟು ಅಲ್ಲಾಡಿಸಿದೆ. ಗಲಗಲ. ಪಕ್ಕದ ರಾಶಿಯದು ಅಲ್ಲಾಡಿಸಿದೆ. ಮೌನ. “ಇದು ಹಸಿ” ಎಂದೆ. ಸುಲಿದು ನೋಡಿದರು. ಹಸಿಯೇ. ಹೀಗೆ ಆರು ರಾಶಿ ಹೇಳಿದೆ, ಒಂದೂ ತಪ್ಪಲಿಲ್ಲ. ಕುರ್ಚಿ ನನ್ನದಾಗಿಯೇ ಉಳಿಯಿತು.

ವಾಪಸು ಬರುವ ಬಸ್ಸಿನಲ್ಲಿ, ಗೆದ್ದವನ ದೊಡ್ಡಸ್ತಿಕೆಯಿಂದ, ನಿನ್ನ ಕಿವಿಗೆ ಅವತ್ತು ಏನೂ ಆಗಲಿಲ್ಲವೇನೋ ಎಂದು ಓಬಳೇಶನನ್ನು ಕೇಳಿದೆ. ನನ್ನ ಕುಂಯ್ ಹೇಗಿರುತ್ತದೆಂದು ಬಾಯಲ್ಲೇ ಮಾಡಿ ತೋರಿಸಿದೆ.

“ಅದಾ?” ಅಂದ. “ಅದು ನಂಗೆ ಸೋಮಂದೇಪಲ್ಲಿ ಮಗ್ಗದ ಶೆಡ್ಡಲ್ಲಿದ್ದಾಗ್ಲಿಂದ ಐತಲ್ಲಣ್ಣ. ಹನ್ನೆರಡು ವರ್ಸ ಮಿಷನ್ ಮಗ್ಗ ಓಡ್ಸಿದೀನಿ. ಸದ್ದಿಲ್ದಂಗೆ ಇರೋದು ಅಂದ್ರೆ ಅಂಗೇ ಕೇಳ್ಸೋದು, ಎಲ್ರಿಗೂ ಇರ್ತದೆ ಅಂದ್ಕಂಡಿದ್ದೆ. ನಿಂಗೆ ಮೊದ್ಲು ಇರ್ಲಿಲ್ವಾ?”

ನಾನು ಕಿಟಕಿಯ ಕಡೆ ತಿರುಗಿದೆ. ಇವನ ಮೇಲೆ ಇನ್ನು ಹೊಟ್ಟೆಕಿಚ್ಚು ಪಡುವುದಾದರೂ ಹೇಗೆ? ಬೆಂಕಿ ಆರುತ್ತಿದ್ದಂತೆ, ಬಲಗಿವಿಯಲ್ಲಿ ಮೆಲ್ಲಗೆ ಕುಂಯ್ ಎಂದಿತು. ಆಗ ಹೊಳೆಯಿತು. ಯಾರ್ಡಿನಲ್ಲಿ ಅಷ್ಟು ಹೊತ್ತು ಅದು ಕೇಳಿಸಿಯೇ ಇರಲಿಲ್ಲ. ಡಾಕ್ಟರು ಹೇಳಿದ ‘ಬೇರೆ ಕೆಲಸ’ ನನ್ನ ಮಿದುಳಿಗೆ ಸಿಕ್ಕಿತ್ತು.

ಓಬಳೇಶ ತಪ್ಪಿದರೇನು, ಪಕ್ಕದ ಮನೆಯ ನಲ್ಲಿ ಇದ್ದೇ ಇದೆ. ಮೊನ್ನೆ ಡಾಕ್ಟರ ಬಳಿ ಹೋದಾಗ ಕಡಿಮೆಯಾಗಿದೆ ಎಂದೆ. ಮನಸ್ಸಿಗೆ ಏನು ಕೆಲಸ ಕೊಟ್ಟಿರಿ ಎಂದು ಕೇಳಿದರು. “ಧ್ಯಾನ ಸಾರ್” ಎಂದೆ. ಅವರು ಬಹಳ ಸಂತೋಷಪಟ್ಟು, ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದ ಮುಂದಿನ ರೋಗಿಗೆ ನನ್ನನ್ನು ತೋರಿಸಿ, ಇವರನ್ನು ನೋಡಿ ಕಲಿಯಿರಿ ಎಂದರು. ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ಉರಿಗಣ್ಣಿನಿಂದ ನೋಡಿದ. ಬೇಗ ಗುಣವಾಗುತ್ತಾನೆ, ಅನುಮಾನವೇ ಇಲ್ಲ.